ಮೊದಲು ತಾವೇ ಕಲಿತ ಗುರು

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅಲ್ಲಿನ ಶಾಸನವನ್ನು ರಚಿಸಿದವನು ಕವಿ ಜನ್ನ. ಕಡೂರು, ಅಜ್ಜಂಪುರಗಳ ನಮ್ಮ ಮಕ್ಕಳಲ್ಲಿ ಅದನ್ನು ಕಂಡವರೆಷ್ಟು ಮಂದಿ? ಇತಿಹಾಸವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಇಸವಿಗಳಲ್ಲವೆಂದು ತಮ್ಮ ಬಾಳಿನಿಂದಲೇ ತೋರಿಸಿದ ಅಧ್ಯಾಪಕರೊಬ್ಬರನ್ನು ಇಲ್ಲಿ ಸ್ಮರಿಸುವುದು ಉಚಿತ.

ಯೇಸುಸಭೆಯ ವಂದನೀಯ ಫಾದರ್ ಹೆನ್ರಿ ಹೆರಾಸ್ 1888ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜನಿಸಿದರು. 1922ರಲ್ಲಿ ಮುಂಬಯಿಗೆ ಬಂದು ಸಂತ ಕ್ಸೇವಿಯರರ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದಾಗ ಈ ದೇಶದ ಚರಿತ್ರೆ ಅವರಿಗೆ ತಿಳಿದಿರಲಿಲ್ಲ. ಆದರೂ ಪರಿಚಿತವಾದ ಯೂರೋಪಿನ ಚರಿತ್ರೆಯನ್ನು ಬಿಟ್ಟು ಭಾರತದ ಚರಿತ್ರೆಯನ್ನೇ ಬೋಧಿಸಲು ಆರಿಸಿಕೊಂಡರು. ಕಲಿಸಬೇಕಾದವರು ಮೊದಲು ತಾವೇ ವಿದ್ಯಾರ್ಥಿಯಾದರು! 1926ರಲ್ಲಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷವೇ ವಿಜಯನಗರದ ಅರವೀಡು ಮನೆತನವನ್ನು ಕುರಿತ ಅವರ ಗ್ರಂಥ ಹೊರಬಂದಿತು. ಅವರ ಶಿಷ್ಯ ಜಾರ್ಜ್ ಮೊರೇಸ್ 1931ರಲ್ಲಿ ಕದಂಬರ ಇತಿಹಾಸವನ್ನು ಪ್ರಕಟಿಸಿದರು. ಶಿಷ್ಯನು ಸ್ವತಂತ್ರವಾಗಿ ಸತ್ಯವನ್ನು ಅರಸುವಂತಾಗುವುದೇ ಗುರುವಿನ ಸಾರ್ಥಕತೆಯಲ್ಲವೇ? 1955ರಲ್ಲಿ ಹೆರಾಸರು ಮುಂಬಯಿಯಲ್ಲೇ ದೈವಾಧೀನರಾದರು. 1981ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ದೂರದಿಂದ ಬಂದವರು ಈ ನೆಲದ ಕಥೆಯನ್ನು ಇಷ್ಟು ಶ್ರದ್ಧೆಯಿಂದ ಓದಿದರು. ಮನೆಯ ಪಕ್ಕದ ಶಾಸನವನ್ನೇ ನಾವು ಕಡೆಗಣಿಸಿದರೆ ಮಕ್ಕಳಿಗೆ ಯಾವ ನೆನಪನ್ನು ಒಪ್ಪಿಸಿಹೋಗುತ್ತೇವೆ? ತಂದೆತಾಯಂದಿರೇ, ಬರುವ ರಜೆಯಲ್ಲಿ ಮಕ್ಕಳನ್ನು ಅಮೃತಾಪುರಕ್ಕೆ ಕರೆದೊಯ್ಯಿರಿ. ಅವರೊಡನೆ ನೀವೂ ಕಲಿಯಿರಿ.