ಬೇಸಿಗೆ ರಜೆಯ ಅರ್ಜಿ ಚಳಿಗಾಲದಲ್ಲೇ



ಏಪ್ರಿಲ್ ತಿಂಗಳ ಒಂದು ವಾರದ ಸಭೆ. ಉಳಿತಾಯ ಕಟ್ಟಿಸಿ ಪುಸ್ತಕ ಬರೆದು ಮುಗಿಸುವಾಗ ಸದಸ್ಯೆಯೊಬ್ಬರು ಕೇಳಿದರು: "ಮೇಡಂ, ನನ್ನ ಮಗಳು ಬಿ.ಎಸ್ಸಿ. ಎರಡನೇ ವರ್ಷ. ರಜೆಯಲ್ಲಿ ಬೆಂಗಳೂರಿಗೆ ಹೋಗಿ ವಿಜ್ಞಾನಿಗಳ ಹತ್ರ ಎರಡು ತಿಂಗಳು ಕೆಲಸ ಕಲಿಬಹುದಂತೆ, ದುಡ್ಡೂ ಅವರೇ ಕೊಡ್ತಾರಂತೆ. ನಿಜಾನಾ?"

ನಿಜ. ಆದರೆ ಆ ವರ್ಷದ ಅರ್ಜಿ ಹಾಕುವ ಕಾಲ ಮುಗಿದು ಆಗಲೇ ನಾಲ್ಕೈದು ತಿಂಗಳಾಗಿತ್ತು. ಕಾಲೇಜಿನ ಬೋರ್ಡಿಗೆ ಇಂಗ್ಲಿಷಿನಲ್ಲಿ ಒಂದು ಹಾಳೆ ಅಂಟಿಸಿದ್ದರಂತೆ, ಮಗಳು ನೋಡಿದ್ದಳಂತೆ, "ಇದು ದೊಡ್ಡ ಊರಿನವರಿಗೆ" ಅಂತ ಸುಮ್ಮನಾದಳಂತೆ. ಆ ತಾಯಿ ಪಾಸ್‌ಬುಕ್ ಚೀಲಕ್ಕೆ ಹಾಕಿಕೊಂಡು ಮತ್ತೇನೂ ಮಾತಾಡಲಿಲ್ಲ. ನಮ್ಮ ಸಂಘಗಳಲ್ಲಿ ಡಿಗ್ರಿ ಓದುವ ಮಕ್ಕಳಿರುವ ಮನೆಗಳು ಈಗ ಬಹಳ ಇವೆ. ಹಾಗಾಗಿ ಈ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಇದು ಸ್ಕಾಲರ್‌ಶಿಪ್ ಅಲ್ಲ. ಸ್ಕಾಲರ್‌ಶಿಪ್ ಓದಿನ ಖರ್ಚಿಗೆ. ಇದು ಫೆಲೋಶಿಪ್, ಅಂದರೆ ರಜೆಯಲ್ಲಿ ಒಬ್ಬ ವಿಜ್ಞಾನಿಯ ಜೊತೆ ಪ್ರಯೋಗಾಲಯದಲ್ಲಿ ಕೂತು ಕೆಲಸ ಕಲಿಯುವುದಕ್ಕೆ ಕೊಡುವ ತಿಂಗಳ ಭತ್ಯೆ. ಟೈಲರಿಂಗ್ ಕ್ಲಾಸಿನಲ್ಲಿ ಪುಸ್ತಕ ನೋಡಿ ಅಳತೆ ಬರೆದುಕೊಳ್ಳುವುದು ಬೇರೆ, ಅಂಗಡಿಯಲ್ಲಿ ಕೂತು ಗಿರಾಕಿಯ ಬಟ್ಟೆಗೆ ಕತ್ತರಿ ಹಾಕುವುದು ಬೇರೆ ಅಲ್ವಾ? ಹಾಗೆಯೇ ಇದು. ಮುಂದೆ ಎಂ.ಎಸ್ಸಿ.ಗೆ, ಪಿಎಚ್.ಡಿ.ಗೆ ಹೋಗುವ ಮಕ್ಕಳಿಗೆ ಈ ಎರಡು ತಿಂಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಇವುಗಳಲ್ಲಿ ಹೆಸರುವಾಸಿಯಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಒಂದು, ಸರ್ ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್. ಉಳಿದೆರಡು ದೆಹಲಿ ಮತ್ತು ಪ್ರಯಾಗರಾಜ್‌ನಲ್ಲಿವೆ. ಅರ್ಜಿಯ ಕೆಲಸವೆಲ್ಲ ಬೆಂಗಳೂರಿನ ಅಕಾಡೆಮಿಯ ವೆಬ್‌ಸೈಟಿನಲ್ಲೇ. ಆಯ್ಕೆಯಾದವರಿಗೆ ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯೊಬ್ಬರ ಬಳಿ 2 ತಿಂಗಳ ಕೆಲಸ, ಭತ್ಯೆ, ಹೋಗಿಬರುವ ರೈಲು ಖರ್ಚು. ವಿಜ್ಞಾನ, ಗಣಿತ, ಎಂಜಿನಿಯರಿಂಗ್, ಕೃಷಿ ಓದುವವರು ಹಾಕಬಹುದು.

ಇನ್ನೊಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅವರದೂ 2 ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಅದಲ್ಲದೆ ಜೀವವಿಜ್ಞಾನಕ್ಕೆ ಒಂದು, ರಸಾಯನ ವಿಜ್ಞಾನಕ್ಕೆ ಒಂದು ಕಾರ್ಯಕ್ರಮ ನಡೆಸುತ್ತಾರೆ. ಇವು ಬಿ.ಎಸ್ಸಿ. ಮೊದಲ ವರ್ಷದವರಿಗೆ. ಆಯ್ಕೆಯಾದವರು ಸಾಲಾಗಿ 3 ಬೇಸಿಗೆ ಅಲ್ಲಿಗೆ ಹೋಗಿ ಕಲಿಯಬೇಕು, ಕೊನೆಗೆ ಡಿಪ್ಲೊಮಾ ಕೊಡುತ್ತಾರೆ. ಇದು ಗೊತ್ತಾಗುವಷ್ಟರಲ್ಲಿ ನಮ್ಮ ಮಕ್ಕಳು ಎರಡನೇ ವರ್ಷಕ್ಕೆ ಬಂದಿರುತ್ತಾರೆ, ಅದೇ ಬೇಜಾರು.

ಪಿ.ಯು.ಸಿ.ಯಲ್ಲಿ ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದು, ಎಂಜಿನಿಯರಿಂಗ್ ಮೆಡಿಕಲ್ ಬಿಟ್ಟು ಮೂಲವಿಜ್ಞಾನ ಆರಿಸಿಕೊಂಡವರಿಗೆ ಕೇಂದ್ರ ಸರ್ಕಾರ 2008ರಲ್ಲಿ ಘೋಷಿಸಿದ ಇನ್‌ಸ್ಪೈರ್ ಯೋಜನೆ ಇದೆ. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆ ಅಂತಲೇ ಇಟ್ಟಿರುವುದು. ಪ್ರಾಜೆಕ್ಟ್ ಮಾಡಿ ವರದಿ ಕೊಡಬೇಕು, ಅದನ್ನು ಬಿಡುವ ಹಾಗಿಲ್ಲ.

ಬಿ.ಎ., ಬಿ.ಕಾಂ. ಓದುವ ಹೆಣ್ಣುಮಕ್ಕಳಿಗೇನು ಅಂತ ಕೇಳುತ್ತೀರಿ. ಅವರಿಗೆ ಸಂಶೋಧನಾ ಫೆಲೋಶಿಪ್ ಕಡಿಮೆ, ಇಂಟರ್ನ್‌ಶಿಪ್ ಹುಡುಕಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೊಡ್ಡ ನಗರಗಳ ಹೊರಗಿನ, 21 ವರ್ಷ ತುಂಬಿದ ಮಹಿಳೆಯರಿಗಾಗಿ ದೆಹಲಿಯಲ್ಲಿ 2 ತಿಂಗಳ ಇಂಟರ್ನ್‌ಶಿಪ್‌ಗೆ ಅರ್ಜಿ ಕರೆದಿದೆ. ಭತ್ಯೆಯೂ ಇತ್ತು. ನೀತಿ ಆಯೋಗದಲ್ಲೂ ಇದೆ, ಆದರೆ ಅಲ್ಲಿ ಸಂಬಳ ಸಿಗುವುದಿಲ್ಲ. ದೆಹಲಿಯಲ್ಲಿ ಉಳಿಯುವ ಖರ್ಚು ಕೈಯಿಂದ ಹಾಕಬೇಕಾದರೆ ನಮ್ಮಂಥ ಮನೆಗಳಿಗೆ ಅದು ಕಷ್ಟವೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೇ-ಜೂನ್‌ನ ಕೆಲಸಕ್ಕೆ ಅರ್ಜಿ ಹಾಕುವುದು ಹಿಂದಿನ ವರ್ಷದ ಕೊನೆಯಲ್ಲಿ. ದಸರಾದಿಂದ ಕ್ರಿಸ್ಮಸ್‌ವರೆಗಿನ ಅವಧಿ ಅಂತ ನೆನಪಿಟ್ಟುಕೊಳ್ಳಿ. ತಾರೀಖು ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ. ಅದಕ್ಕೆ ಸೆಪ್ಟೆಂಬರ್‌ನಿಂದಲೇ ವಾರಕ್ಕೊಮ್ಮೆ ವೆಬ್‌ಸೈಟ್ ನೋಡಲು ಮಕ್ಕಳಿಗೆ ಹೇಳಬೇಕು. ನೋಟಿಸ್ ಬೋರ್ಡನ್ನು ನಂಬಿ ಕೂರಬಾರದು.

ಅರ್ಜಿಯಲ್ಲಿ ಮೂರು ಸಂಗತಿ ಮುಖ್ಯ: ಅಂಕಪಟ್ಟಿ, ಪಾಠ ಹೇಳಿದ ಅಧ್ಯಾಪಕರ ಶಿಫಾರಸು, ಮತ್ತು ನಾನು ಏನು ಮಾಡಬೇಕೆಂದಿದ್ದೇನೆ ಅನ್ನುವ ಚಿಕ್ಕ ಬರಹ. ಶಿಫಾರಸನ್ನು ಕೊನೆಯ ದಿನ ಕೇಳಿದರೆ ಯಾವ ಮೇಷ್ಟ್ರೂ ಮನಸ್ಸಿಟ್ಟು ಬರೆಯುವುದಿಲ್ಲ. ಎರಡು ಮೂರು ವಾರ ಮೊದಲೇ ಹೋಗಿ ಕೇಳಬೇಕು.

ಬರಹದಲ್ಲೇ ನಮ್ಮ ಮಕ್ಕಳು ಸೋಲುವುದು. ಇಂಟರ್ನೆಟ್‌ನಿಂದ ನಾಲ್ಕು ದೊಡ್ಡ ವಾಕ್ಯ ಇಳಿಸಿ ಹಾಕುತ್ತಾರೆ. ಓದುವವರು ಅಂಥದ್ದನ್ನು ನೂರಾರು ಕಂಡಿರುತ್ತಾರೆ. ಅದರ ಬದಲು, ಮಳೆಗಾಲದಲ್ಲಿ ನಮ್ಮ ತೋಟದ ಅಡಿಕೆಗೆ ಕೊಳೆರೋಗ ಬಂದು ಕಾಯಿ ಉದುರುತ್ತದೆ, ಬೋರ್ಡೋ ದ್ರಾವಣ ಹೊಡೆದರೂ ಕೆಲವು ಸಲ ನಿಲ್ಲುವುದಿಲ್ಲ, ಆ ಶಿಲೀಂಧ್ರದ ಬಗ್ಗೆ ಕಲಿಯಬೇಕು ಅಂತ ಬರೆಯಲಿ. ಪಾವಗಡ, ಕೋಲಾರದ ಕಡೆಯವರಾದರೆ ಬೋರ್‌ವೆಲ್ ನೀರಿನ ಫ್ಲೋರೈಡ್, ಅದರಿಂದ ಹಲ್ಲು ಮೂಳೆಗೆ ಆಗುವ ತೊಂದರೆ ಬಗ್ಗೆ ಬರೆಯಲಿ. ಕಣ್ಣಾರೆ ಕಂಡದ್ದನ್ನು ಬರೆದರೆ ಇಂಗ್ಲಿಷ್ ಸ್ವಲ್ಪ ತಪ್ಪಾದರೂ ಮಾತಿಗೆ ತೂಕ ಇರುತ್ತದೆ. ವ್ಯಾಕರಣವನ್ನು ಅಧ್ಯಾಪಕರು ತಿದ್ದಿಕೊಡುತ್ತಾರೆ.

ಒಂದು ಎಚ್ಚರಿಕೆ. "ನಾವು ಇಂಟರ್ನ್‌ಶಿಪ್ ಕೊಡಿಸ್ತೀವಿ, ಮೂರು ಸಾವಿರ ಕಟ್ಟಿ, ಮನೇಲೇ ಇದ್ದು ಸರ್ಟಿಫಿಕೇಟ್ ತಗೊಳ್ಳಿ" ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಎಂಜಿನಿಯರಿಂಗ್ ಮಕ್ಕಳಿಗೆ ಇಂಟರ್ನ್‌ಶಿಪ್ ಕಡ್ಡಾಯ ಇರುವುದರಿಂದ ಈ ವ್ಯಾಪಾರ ಜೋರಾಗಿದೆ. ಅಕಾಡೆಮಿಯಾಗಲಿ ಜಕ್ಕೂರಿನ ಕೇಂದ್ರವಾಗಲಿ ಕಲಿಯುವವರಿಗೆ ದುಡ್ಡು ಕೊಡುತ್ತವೆ, ಕೇಳುವುದಿಲ್ಲ. ಸೀಟು ಕೊಡಲು ದುಡ್ಡು ಕೇಳಿದರೆ ಕಾಲೇಜಿನಲ್ಲಿ ವಿಚಾರಿಸದೆ ಒಂದು ರೂಪಾಯಿಯೂ ಕಳಿಸಬೇಡಿ.

ಇನ್ನು ಸಂಘ ಮಾಡಬಹುದಾದ ಕೆಲಸ. ಭತ್ಯೆ ಸಿಗುತ್ತದೆ ನಿಜ, ಆದರೆ ಹೊರಡುವ ದಿನ ಕೈಗೆ ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ, ಕೆಲವು ಸಲ ತಡವಾಗಿಯೇ ಖಾತೆಗೆ ಬೀಳುತ್ತದೆ. ಪ್ರಯಾಣದ ಹಣವೂ ಟಿಕೆಟ್ ತೋರಿಸಿದ ಮೇಲೆ. ಅಲ್ಲಿಯವರೆಗೆ ಬಸ್ಸಿಗೆ, ರೈಲಿಗೆ, ಹಾಸ್ಟೆಲಿಗೆ, ಊಟಕ್ಕೆ ಕೈಯಿಂದ ಹಾಕಬೇಕು. ಪತ್ರ ಬಂದ ಮೇಲೂ ಬಡ ಮನೆಯ ಮಗು ಹಿಂದೆ ಸರಿಯುವುದು ಇಲ್ಲೇ. ಬಡ್ಡಿಯವರ ಹತ್ತಿರ ಹೋಗಬೇಕಾಗಿಲ್ಲ. ಆಯ್ಕೆ ಪತ್ರದ ಪ್ರತಿ ಇಟ್ಟು, ಶಿಕ್ಷಣದ ಉದ್ದೇಶ ಅಂತ ನಿರ್ಣಯ ಪುಸ್ತಕದಲ್ಲಿ ಬರೆದು, ಆಂತರಿಕ ಸಾಲ ಕೊಡಬಹುದು. ಭತ್ಯೆ ಬಂದ ತಿಂಗಳು ಒಂದೇ ಕಂತಿನಲ್ಲಿ ತೀರಿಸುತ್ತೇವೆ ಅಂತ ತಾಯಿ ಸಹಿ ಹಾಕಲಿ.

"ಹೆಣ್ಣುಮಗಳನ್ನು ಒಬ್ಬಳೇ ಹೇಗೆ ಕಳಿಸೋದು?" ಈ ಪ್ರಶ್ನೆ ಬಂದೇ ಬರುತ್ತದೆ, ತಪ್ಪೂ ಅಲ್ಲ. ಮಾರ್ಗದರ್ಶಕರ ಹೆಸರು, ಸಂಸ್ಥೆಯ ಕಚೇರಿ ನಂಬರ್, ಕ್ಯಾಂಪಸ್‌ನಲ್ಲೇ ಉಳಿಯುವ ವ್ಯವಸ್ಥೆ ಇದೆಯೋ ಇಲ್ಲವೋ, ಇವಿಷ್ಟನ್ನು ಮೊದಲೇ ಪತ್ರ ಬರೆದು ಕೇಳಿಕೊಳ್ಳಿ. ಸೇರುವ ದಿನ ಮನೆಯವರು ಒಬ್ಬರು ಜೊತೆಗೆ ಹೋಗಿ ನೋಡಿ ಬನ್ನಿ. ಸೆಮಿಸ್ಟರ್ ಪರೀಕ್ಷೆ ಅದೇ ಸಮಯಕ್ಕೆ ಬಿದ್ದರೆ ಗಾಬರಿಯಾಗಿ ಕೈಬಿಡುವುದು ಬೇಡ. ಸೇರುವ ತಾರೀಖು ಹಿಂದೆ ಮುಂದೆ ಮಾಡಲು ಆಗುತ್ತದೆಯೇ ಅಂತ ಮಾರ್ಗದರ್ಶಕರನ್ನೇ ಕೇಳಬಹುದು.

ಮುಂದಿನ ಸಭೆಯಲ್ಲಿ ನಿಮ್ಮ ಸಂಘದ ಯಾರ ಯಾರ ಮಕ್ಕಳು ಡಿಗ್ರಿಯಲ್ಲಿದ್ದಾರೆ, ಯಾವ ವರ್ಷ ಅಂತ ಪಟ್ಟಿ ಮಾಡಿ ಕಾರ್ಯಕರ್ತೆಯರ ಕೈಗೆ ಕೊಡಿ. ಹಾಗೆಯೇ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಗಳ ಹೆಸರು ಒಂದೇ ರೀತಿ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಹಣ ಬರುವಾಗ ತೊಡಕಾಗುತ್ತದೆ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುವುದರಿಂದ ದಸರಾಕ್ಕೆ ಮೊದಲೇ ಮಾಡಿಸಿಕೊಳ್ಳಿ.