ಇಂಗ್ಲಿಷಿನ ‘ಕಂಬ್ಲಿ’: ಅರ್ಥ, ಮೂಲ ಮತ್ತು ಬಳಕೆ

1. ಪೀಠಿಕೆ

ಆಂಗ್ಲೋ-ಇಂಡಿಯನ್ ಪದಸಂಪತ್ತಿನಲ್ಲಿ ಸಿ-ಯು-ಎಂ-ಬಿ-ಎಲ್-ವೈ ಎಂಬ ಕಾಗುಣಿತದ ‘ಕಂಬ್ಲಿ’ ಒಂದು ನಾಮಪದ. ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ (1886) ಇದಕ್ಕೆ ಒರಟು ಉಣ್ಣೆಯ ಹೊದಿಕೆ ಎಂಬ ಅರ್ಥವನ್ನಿತ್ತು, ‘ಕಮ್ಲಿ’ ಎಂಬ ಪರ್ಯಾಯವನ್ನೂ ಕೂಡಿಸಿ, ಸಂಸ್ಕೃತದ ‘ಕಂಬಲ’ವನ್ನು ಮೂಲವಾಗಿ ಸೂಚಿಸುತ್ತದೆ, ದೇಶಭಾಷೆಗಳ ರೂಪಕ್ಕೆ ಹಿಂದಿಯ ‘ಕಮ್ಲೀ’ಯನ್ನು ಉದಾಹರಿಸುತ್ತದೆ. ‘ಕಂಬಲ’ ಅಥರ್ವವೇದದಲ್ಲಿಯೇ ದೊರೆಯುವ ಪದ. ಆದರೆ ದೂರದ ಮೂಲ ಬೇರೆ, ನೇರವಾಗಿ ಎರವಲಿತ್ತ ರೂಪ ಬೇರೆ. ಎರಡನೆಯದನ್ನು ಕುರಿತೇ ಇಲ್ಲಿ ನಮ್ಮ ವಿವೇಚನೆ.

2. ಧ್ವನಿರೂಪದ ಸಾಕ್ಷ್ಯ

‘ಕಮ್ಲೀ’ಯಲ್ಲಿ ಬಕಾರವಿಲ್ಲ. ಹಿಂದಿಯ ‘ಕಂಬಲ್’ನಲ್ಲಿ ಬಕಾರವುಂಟು, ಅಂತ್ಯ ಇಕಾರವಿಲ್ಲ. ಮರಾಠಿಯ ‘ಕಾಂಬಳೆ’ಯಲ್ಲಿ ಮೊದಲ ಸ್ವರ ದೀರ್ಘ. ಇಂಗ್ಲಿಷ್ ರೂಪದಲ್ಲಿಯಾದರೋ ‘ಯು’ ಅಕ್ಷರ ಸೂಚಿಸುವ ಹ್ರಸ್ವ ಅಕಾರ, ಬಕಾರ, ಅಂತ್ಯ ಇಕಾರ ಮೂರೂ ಒಟ್ಟಿಗಿವೆ. ಕನ್ನಡ, ತೆಲುಗು, ತಮಿಳುಗಳ ‘ಕಂಬಳಿ’ಗೆ ಇದು ಚೆನ್ನಾಗಿ ಹೊಂದುತ್ತದೆ. ಮಧ್ಯಸ್ವರ ಲೋಪವಾದ ‘ಕಂಬ್ಳಿ’ ಕನ್ನಡದ ಆಡುಮಾತಿನಲ್ಲಿಯೇ ಇದೆ. ಮೂರ್ಧನ್ಯ ಳಕಾರ ಇಂಗ್ಲಿಷಿನಲ್ಲಿ ಲಕಾರವಾಗುವುದು ಸಹಜ. ಆದ್ದರಿಂದ ‘ಕಂಬ್ಲಿ’ ದಕ್ಷಿಣದ ಎರವಲು, ‘ಕಮ್ಲಿ’ ಉತ್ತರದ ಎರವಲು ಎಂದು ಬಗೆಯುವುದು ಯುಕ್ತ. ಒಂದೇ ನಮೂದಿನಡಿ ಎರಡು ದಾರಿಗಳು ಸೇರಿವೆ.

3. ಚಳ್ಳಕೆರೆ–ಮೊಳಕಾಲ್ಮುರು ಪರಿಸರ

ಹಾಗಾದರೆ ದಕ್ಷಿಣದ ಯಾವ ಭಾಷೆ? ಕುರಿಸಾಕಣೆಗೂ ಕೈಮಗ್ಗದ ಕಂಬಳಿಗೂ ಹೆಸರಾದ ಚಳ್ಳಕೆರೆ, ಆಂಧ್ರದ ರಾಯದುರ್ಗಕ್ಕೆ ಹೊಂದಿಕೊಂಡ ಮೊಳಕಾಲ್ಮುರು, ಇವೆರಡೂ ಕನ್ನಡ–ತೆಲುಗು ದ್ವಿಭಾಷಿಕ ಸೀಮೆ. ಉಣ್ಣೆ ನೂತು, ಹುಣಸೆಬೀಜದ ಗಂಜಿ ಹಾಕಿ ನೇಯ್ದ ವಸ್ತುವಿಗೆ ಎರಡು ಭಾಷೆಗಳಲ್ಲಿಯೂ ಹೆಸರು ‘ಕಂಬಳಿ’ಯೇ. ಇಂಥಲ್ಲಿ ಧ್ವನಿಸಾಕ್ಷ್ಯವೊಂದರಿಂದಲೇ ‘ಕನ್ನಡದಿಂದ’ ಅಥವಾ ‘ತೆಲುಗಿನಿಂದ’ ಎಂದು ಬೇರ್ಪಡಿಸಲಾಗದು. ಎರವಲಿತ್ತದ್ದು ಒಂದು ಭಾಷಾವಲಯ ಎನ್ನುವುದೇ ಹೆಚ್ಚು ನಿಖರ.

4. ಬಳಕೆ

‘ಗೋಣಿ’ಗೆ ಸಂಬಂಧಿಸಿದ ‘ಗನ್ನಿ’ ಸೆಣಬಿನ ವ್ಯಾಪಾರದೊಡನೆ ಲೋಕವ್ಯಾಪಿಯಾಗಿ ಇಂದಿಗೂ ಉಳಿದಿದೆ. ‘ಕಂಬ್ಲಿ’ಗೆ ಆ ಭಾಗ್ಯವಿಲ್ಲ: ಇಂಗ್ಲಿಷಿನಲ್ಲಿ ‘ಬ್ಲಾಂಕೆಟ್’ ಮೊದಲೇ ಇದ್ದುದರಿಂದ ಅದು ಭಾರತೀಯ ಹೊದಿಕೆಯ ಹೆಸರಾಗಿಯಷ್ಟೇ ನಿಂತು ಬಳಕೆ ತಪ್ಪಿತು. ಈಗ ‘ಬ್ಲಾಂಕೆಟ್’, ‘ರಗ್ಗು’ಗಳೇ ಕನ್ನಡಕ್ಕೆ ಬಂದು ಗಿರಣಿಯ ಮೆತ್ತನೆಯ ಹೊದಿಕೆಗೆ ಸಲ್ಲುತ್ತಿವೆ, ‘ಕಂಬಳಿ’ ಕೈಮಗ್ಗದ ಉಣ್ಣೆಯದಕ್ಕೆ ಸಂಕುಚಿತವಾಗುತ್ತಿದೆ. ‘ಕಂಬಳಿಹುಳು’, ‘ಕಂಬಳಿ ಕೊಪ್ಪೆ’ ಮುಂತಾದ ಸಮಾಸಗಳಲ್ಲಿ ಮಾತ್ರ ಅದಕ್ಕೆ ಪ್ರತಿಸ್ಪರ್ಧಿಯಿಲ್ಲ. ನಿಘಂಟುಕಾರರು ಎರವಲಿನ ದಾರಿಯನ್ನು ದಾಖಲಿಸುವಾಗ, ಪದವನ್ನಾಡುವ ಸೀಮೆಯನ್ನೂ ಅದು ಹೆಸರಿಸುವ ವಸ್ತುವನ್ನೂ ಒಟ್ಟಿಗೆ ಪರಿಶೀಲಿಸಬೇಕೆಂಬುದು ನಮ್ಮ ನಿಲುವು.