ಮರವೇರುವ ಮೆಟ್ಟಿಲು ಎಲ್ಲಿ ಕೈಕೊಡುತ್ತದೆ?

ಅಮೆರಿಕದ ಕಾಡುಗಳಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಬಿಳಿಬಾಲದ ಜಿಂಕೆಯ ಬೇಟೆ ಶುರುವಾಗುತ್ತದೆ. ಪರವಾನಗಿ ಪಡೆದವರು ಮರದ ಕಾಂಡಕ್ಕೆ ಐದಾರು ಮೀಟರ್ ಎತ್ತರದಲ್ಲಿ ಮಚಾನು ಬಿಗಿದು ಗಂಟೆಗಟ್ಟಲೆ ಕಾಯುತ್ತಾರೆ. ಅಷ್ಟು ಮೇಲಿದ್ದರೆ ಜಿಂಕೆಯ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಆದರೆ ಆರು ಮೀಟರ್ ಮೇಲಿನಿಂದ ಜಾರಿದವರು 1.1 ಸೆಕೆಂಡಿನಲ್ಲಿ ನೆಲಕ್ಕೆ ಬಡಿಯುತ್ತಾರೆ, ಅದೂ ಗಂಟೆಗೆ ಸುಮಾರು 39 ಕಿಲೊಮೀಟರ್ ವೇಗದಲ್ಲಿ. ಹತ್ತುವಾಗ, ಇಳಿಯುವಾಗ, ಮೆಟ್ಟಿಲಿನಿಂದ ಮಚಾನಿಗೆ ಕಾಲು ದಾಟಿಸುವಾಗ ಬೀಳುವವರು ಬಹಳ. ಆದ್ದರಿಂದ ಮಚಾನು ಕೊಳ್ಳುವ ಮೊದಲು ಮೆಟ್ಟಿಲಿನ ಬಗ್ಗೆ ಯೋಚಿಸಬೇಕು.

ಬಳಕೆಯಲ್ಲಿರುವ ಮೆಟ್ಟಿಲುಗಳು ಮುಖ್ಯವಾಗಿ ಮೂರು ಬಗೆ: ಕಾಂಡದೊಳಕ್ಕೆ ತಿರುಗಿಸಿ ಕೂರಿಸುವ ತಿರುಪು ಮೆಟ್ಟಿಲು, ಕಾಂಡಕ್ಕೆ ಸುತ್ತಿ ಬಿಗಿಯುವ ಪಟ್ಟಿ ಮೆಟ್ಟಿಲು, ಕೋಲೊಂದಕ್ಕೆ ಕೆಲವು ಮೆಟ್ಟಿಲು ಕೂಡಿಸಿ ಒಂದರ ಮೇಲೊಂದು ಕಟ್ಟುವ ಏಣಿಕೋಲು.

ತಿರುಪು ಮೆಟ್ಟಿಲು ಒಂದು ಸನ್ನೆ. ಪಾದ ತೊಗಟೆಯಿಂದ 6 ಸೆಂಟಿಮೀಟರ್ ದೂರದಲ್ಲಿದ್ದಾಗ ತಿರುಪನ್ನು ಬಗ್ಗಿಸುವ ಬಲ ಎಷ್ಟಿರುತ್ತದೋ, ತುದಿಗೆ ಸರಿದು 12 ಸೆಂಟಿಮೀಟರ್ ಆದಾಗ ಅದರ ಎರಡರಷ್ಟಾಗುತ್ತದೆ. ಮೈಭಾರವನ್ನು ನಿಧಾನವಾಗಿ ಊರದೆ ತಟ್ಟನೆ ಬಿಟ್ಟರೆ ಮತ್ತೆ ಇಮ್ಮಡಿ. ಪೆಟ್ಟಿಗೆಯ ಮೇಲೆ 136 ಕಿಲೊ, ಅಂದರೆ 300 ಪೌಂಡ್ ತಡೆಯುತ್ತದೆ ಎಂದು ಅಚ್ಚಾಗಿದ್ದರೆ ಬೂಟು, ದಪ್ಪ ಬಟ್ಟೆ, ಬೆನ್ನಚೀಲಗಳ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಈ ಮೆಟ್ಟಿಲು ಮರಕ್ಕೆ ಗಾಯವನ್ನೂ ಮಾಡುತ್ತದೆ. ಗಾಯದಲ್ಲಿ ಶಿಲೀಂಧ್ರ ಹೊಕ್ಕು ತಿರುಪಿನ ಸುತ್ತಲಿನ ಮರ ಕೊಳೆತರೆ ಹಿಡಿತ ಸಡಿಲವಾಗುತ್ತದೆ, ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಹಲವು ಸಾರ್ವಜನಿಕ ಕಾಡುಗಳಲ್ಲಿ ತಿರುಪು ಮೆಟ್ಟಿಲಿಗೆ ಅನುಮತಿಯೇ ಇಲ್ಲ.

ಪಟ್ಟಿ ಮೆಟ್ಟಿಲಿನ ಕೆಲಸ ಘರ್ಷಣೆಯಿಂದ ನಡೆಯುತ್ತದೆ. ತುಳಿದಾಗ ಅದರ ತಲೆ ಕಾಂಡದಿಂದ ಆಚೆಗೆ ವಾಲುತ್ತದೆ, ಬುಡ ಕಾಂಡಕ್ಕೆ ಒತ್ತುತ್ತದೆ. ತಲೆಯನ್ನು ಪಟ್ಟಿ ತಡೆಯುತ್ತದೆ, ಬುಡದ ಹಲ್ಲುಗಳು ತೊಗಟೆಯನ್ನು ಕಚ್ಚುತ್ತವೆ. ಈ ಎರಡು ಜಾಗಗಳ ನಡುವಿನ ಅಂತರ ಹೆಚ್ಚಿದಷ್ಟೂ ಪಟ್ಟಿಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಗಿಡ್ಡ ಮೆಟ್ಟಿಲಿಗಿಂತ ಉದ್ದನೆಯ ಏಣಿಕೋಲು ಭದ್ರವಾಗಿ ನಿಲ್ಲಲು ಇದೇ ಕಾರಣ. ಹಲ್ಲುಗಳು ಒಂದಕ್ಕೊಂದು ದೂರವಿದ್ದರೆ ಒಂದೇ ಪಕ್ಕಕ್ಕೆ ಕಾಲಿಟ್ಟಾಗ ಕೋಲು ಪಕ್ಕಕ್ಕೆ ತಿರುಗುವುದೂ ತಪ್ಪುತ್ತದೆ. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕಾದ್ದು ಈ ಹಲ್ಲುಗಳ ಅಂತರವನ್ನೇ.

ಹಿಡಿತದ ಉಳಿದರ್ಧ ಮರದ್ದು. ಶಾಗ್‌ಬಾರ್ಕ್ ಹಿಕರಿಯ ತೊಗಟೆ ಉದ್ದುದ್ದ ಹಾಳೆಗಳಾಗಿ ಸಡಿಲಗೊಂಡು ನಿಂತಿರುತ್ತದೆ. ಅದರ ಮೇಲೆ ಬಿಗಿದ ಪಟ್ಟಿ ಹಾಳೆಯ ಜೊತೆಗೇ ಜಾರಬಹುದು. ನುಣುಪು ತೊಗಟೆಯ ಬೀಚ್ ಮರ ಮಳೆಯಲ್ಲಿ ತೊಯ್ದಾಗ ಘರ್ಷಣೆ ಕುಸಿಯುತ್ತದೆ. ಮಿಶಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ಹಸಿರು ಜೀರುಂಡೆಯೊಂದು ಆ್ಯಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಸತ್ತ ಆ್ಯಶ್ ಬೇಗ ಪೆಡಸಾಗಿ ಮುರಿಯುತ್ತದೆ, ಅದಕ್ಕೆ ಯಾವ ಮೆಟ್ಟಿಲನ್ನೂ ಕಟ್ಟಬಾರದು. ನೈಲಾನ್, ಪಾಲಿಯೆಸ್ಟರ್ ಪಟ್ಟಿಗಳ ಎಳೆಗಳನ್ನು ಬಿಸಿಲಿನ ನೇರಳಾತೀತ ಕಿರಣ ವರ್ಷವಿಡೀ ತುಂಡರಿಸುತ್ತಿರುತ್ತದೆ, ಅಳಿಲು ಕಡಿಯುತ್ತದೆ, ಬೆಳೆಯುವ ಕಾಂಡ ಒಳಗಿನಿಂದ ಹಿಗ್ಗಿಸುತ್ತದೆ. ಹಂಗಾಮು ಮುಗಿದೊಡನೆ ಬಿಚ್ಚಿಡಬೇಕು, ಬಣ್ಣ ಮಾಸಿದ ಪಟ್ಟಿಯನ್ನು ಎಸೆಯಬೇಕು.

ಇನ್ನು ಜೋಡಣೆ. ಮೆಟ್ಟಿಲುಗಳ ಅಂತರ ಮೊಣಕಾಲನ್ನು ಸಲೀಸಾಗಿ ಎತ್ತುವಷ್ಟೇ ಇರಲಿ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಹಿಡಿತದಲ್ಲಿರಲಿ. ಬಿಲ್ಲು, ಗುಂಡು ತೆಗೆದ ಬಂದೂಕು ಆಮೇಲೆ ಹಗ್ಗದಲ್ಲಿ ಮೇಲೆ ಬರಲಿ. ಕೊನೆಯ ಮೆಟ್ಟಿಲು ಮಚಾನಿಗಿಂತ ಮೇಲಿದ್ದರೆ ಮಚಾನಿಗೆ ಹತ್ತುವ ಬದಲು ಇಳಿದು ನಿಲ್ಲಬಹುದು, ಕೈಗೂ ಆಸರೆ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಪಾದ ಜಾರಬಹುದು. ಅದಕ್ಕೇ ಮೈತುಂಬ ತೊಡುವ ಹಾರ್ನೆಸ್ ಬೇಕು. ಮರದ ಮೇಲಿನಿಂದ ನೆಲದವರೆಗೆ ಇಳಿಬಿಟ್ಟ ಹಗ್ಗಕ್ಕೆ ಪ್ರೂಸಿಕ್ ಗಂಟಿನಿಂದ ಅದನ್ನು ಕೂಡಿಸುತ್ತಾರೆ. ಕೈಯಿಂದ ಸರಿಸಿದರೆ ಗಂಟು ಜರಗುತ್ತದೆ, ಭಾರ ಬಿದ್ದೊಡನೆ ಹಗ್ಗವನ್ನು ಬಿಗಿಯಾಗಿ ಕಚ್ಚುತ್ತದೆ. ಜೋಲಾಡುವ ದೇಹದ ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪುವ ಅಪಾಯವಿರುವುದರಿಂದ, ಪಾದ ಊರಿ ನಿಲ್ಲಲು ಒಂದು ಕುಣಿಕೆಯೂ ಜೇಬಿನಲ್ಲಿರಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಮರವೇರುವವರು ಮಾತ್ರ ನಮ್ಮಲ್ಲೂ ಇದ್ದಾರೆ. ಮಲೆನಾಡಿನಲ್ಲಿ ಕೊನೆ ಕೊಯ್ಯುವ ಕೊನೆಗಾರರು ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ ಅಡಿಕೆ ಮರ ಹತ್ತುವಾಗಲೂ ಅವರನ್ನು ಹಿಡಿದಿಡುವುದು ಇದೇ ಘರ್ಷಣೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು ಮಳೆಗಾಲದಲ್ಲಿ ಹತ್ತಬೇಕಾದಾಗ ಅದು ತೀರ ಕುಗ್ಗಿರುತ್ತದೆ. ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಮರವೇರುವವರಿಗೆ ನೆಲದಿಂದಲೇ ಹಗ್ಗ ಕಟ್ಟಿಕೊಳ್ಳಿ ಎಂದು ಕಲಿಸುತ್ತಾರೆ. ಇಲ್ಲಿ ಹೊಟ್ಟೆಪಾಡಿಗಾಗಿ ಏರುವವರಿಗೆ ಆ ಹಗ್ಗವನ್ನು ಒದಗಿಸುವುದು ಕೂಲಿ ಕೊಡುವಷ್ಟೇ ಕಡ್ಡಾಯವೆಂದು ತೋಟದ ಒಡೆಯರು ತಿಳಿಯಬೇಕು.